ಅರಳೆಯೊಳಗಿನ ಮಾತು

ಹಳೆಯ ಹಾಸಿಗೆ ಬಿಚ್ಚಿದರೆ ಒಳಗೆ ಏನಾದರೂ ಸಿಗುವುದು ಹಾಸಿಗೆ ಹೊಲಿಯುವವರಿಗೆ ಹೊಸದಲ್ಲ. ತಾಯಿತ, ಒಣಗಿ ಕಲ್ಲಾದ ನಿಂಬೆಹಣ್ಣು, ಕೂದಲ ಗಂಟು, ಮೂಗುತಿಯ ತಿರುಪು. ಒಮ್ಮೆ ಮಿರ್ಲೆಯ ಯಜಮಾನರೊಬ್ಬರ ಹಾಸಿಗೆಯಲ್ಲಿ ಅವರ ಹಲ್ಲಿನ ಸೆಟ್ಟೇ ಸಿಕ್ಕಿತ್ತು. ಸಿಕ್ಕಿದ್ದನ್ನು ಬಟ್ಟೆಯ ಚೂರಿನಲ್ಲಿ ಕಟ್ಟಿ, ಹೊಸದಾಗಿ ಹೊಲಿದ ಹಾಸಿಗೆಯ ಮೂಲೆಗೆ ಗಂಟು ಹಾಕಿ ಕಳಿಸಿಬಿಡಬೇಕು. ಯಾರು ಇಟ್ಟರು, ಯಾಕೆ ಇಟ್ಟರು ಎಂದು ಕೇಳಬಾರದು. ಖುರ್ಷೀದಾಳ ಮಾವ ಹಾಗೆ ಹೇಳುತ್ತಿದ್ದರು. ಗಂಡನೂ ಹಾಗೇ ಹೇಳಿದ. ಆತ ತೀರಿಕೊಂಡ ಮೇಲೆ ಅವಳೂ ತನ್ನಿಬ್ಬರು ಮಕ್ಕಳಿಗೆ ಅದನ್ನೇ ಕಲಿಸಿದಳು.

ಹೀಗಾಗಿಯೇ ಮಗ ನೂಮಾನನಿಗೆ ಏನಾಗುತ್ತಿದೆ ಎಂಬುದು ಮನೆಯಲ್ಲಿ ಬಹಳ ದಿನ ಯಾರಿಗೂ ಹೊಳೆಯಲಿಲ್ಲ.

ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಅಂಗಡಿ. ಅಂಗಡಿಯ ಬೆನ್ನಿಗೇ ಮನೆ. ಮುಂದೆ ಗಲ್ಲಾದಲ್ಲಿ ಕೂರುವವರು ಖುರ್ಷೀದಾಳ ಗಂಡನ ಅಣ್ಣ ಅಬ್ದುಲ್ ರಹಮಾನ್. ಮಕ್ಕಳಿಗೆ ಅವರು ಬಡೇಅಬ್ಬಾ. ಹಿಂದಿನ ಕೋಣೆಯಲ್ಲಿ ಅರಳೆ ಹಿಂಜುವ ಮೆಷಿನ್ ನೂಮಾನನದು. ನಡುವಿನ ಹಜಾರದಲ್ಲಿ ದಬ್ಬಳ ಹಿಡಿದು ಖುರ್ಷೀದಾ, ಮಗಳು ಮೆಹನಾಜ್ ಕೂತಿರುತ್ತಿದ್ದರು.

ಮೊದಮೊದಲು ನೂಮಾನ್ ಹಳೆಯ ಹಾಸಿಗೆಯ ಮೇಲೆ ಅಂಗೈ ಇಟ್ಟು, "ಇದರೊಳಗೆ ಏನೋ ಇದೆ" ಅನ್ನುತ್ತಿದ್ದ. ಬಿಚ್ಚಿದರೆ ಒಂದೆರಡು ಸಲ ನಿಜಕ್ಕೂ ಇತ್ತು. ಅಬ್ದುಲ್ ರಹಮಾನ್ ಚಹಾದಂಗಡಿಯಲ್ಲಿ ಕೂತು, "ನಮ್ ಹುಡುಗನ ಕೈಗೆ ಕಣ್ಣಿದೆ ಕಣ್ರಯ್ಯಾ" ಎಂದು ಕೊಚ್ಚಿಕೊಂಡರು. ಆಮೇಲೆ ಬಿಚ್ಚಿದ್ದರಲ್ಲಿ ಏನೂ ಸಿಗದೆ ಹೋಯಿತು. "ನಾವು ನೋಡೋಕೆ ಮುಂಚೆ ಯಾರೋ ತೆಗೆದವ್ರೆ" ಎಂದ ನೂಮಾನ್. ಅದನ್ನೂ ನಂಬಿದರು. ಕಿವಿಗೆ ಅರಳೆ ತುರುಕಿಕೊಂಡು ತಿರುಗತೊಡಗಿದ. ಮೆಷಿನ್ನಿನ ಸದ್ದಿಗೆ ಆ ಕಸುಬಿನವರೆಲ್ಲ ಹಾಗೆ ಮಾಡುತ್ತಾರೆ. ಊಟಕ್ಕೆ ಕೂತಾಗಲೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡ. ಧೂಳು, ಅಲರ್ಜಿ ಅಂದುಕೊಂಡರು. ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚಿದ. ಅರಳೆ ಹಾರಬಾರದಲ್ಲ! ಬೇರೆ ಯಾವ ಮನೆಯಲ್ಲಾದರೂ ಅಕ್ಕಪಕ್ಕದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ಈ ಮನೆಯಲ್ಲಿ ಕಾಯಿಲೆ ಕಸುಬಿನ ಬಟ್ಟೆ ಹಾಕಿಕೊಂಡು ಓಡಾಡುತ್ತಿತ್ತು.

ಖುರ್ಷೀದಾಳ ಎದೆಯಲ್ಲಿ ಮೊದಲು ಚುಚ್ಚಿದ್ದು ಊಟದ ವಿಷಯ. ಮಗ ಅವಳು ಬಡಿಸಿದ ಅನ್ನ ಮುಟ್ಟುವುದನ್ನು ಬಿಟ್ಟ. ತಾನೇ ಬೇಯಿಸಿ ತಾನೇ ಸಿಪ್ಪೆ ಬಿಡಿಸಿದ ಮೊಟ್ಟೆ, ಬಾಳೆಹಣ್ಣು, ಇಷ್ಟೇ.

"ಜಿಮ್ಮಿಗೆ ಹೋಗೋ ಹುಡುಗ್ರೆಲ್ಲ ಅದನ್ನೇ ತಿನ್ನೋದು, ಬುಡು" ಎಂದು ನಕ್ಕರು ಅಬ್ದುಲ್ ರಹಮಾನ್.

"ಅವನು ಯಾವ ಜಿಮ್ಮಿಗೆ ಹೋಗ್ತಾನೆ ಭಾಯ್‌ಸಾಬ್? ನಿದ್ದೇನೇ ಮಾಡಲ್ಲ. ಗೆಳೆಯರು ಬಂದ್ರೆ ಬಾಗಿಲು ಹಾಕ್ಕೋತಾನೆ. ಒಬ್ಬನೇ ಕೂತು ಯಾರಿಗೋ ಉತ್ತರ ಕೊಡ್ತಾನೆ."

"ವಯಸ್ಸು. ತಂಗಿ ಮದುವೆ ಆಗ್ಲಿ, ಅವನಿಗೂ ಒಂದು ಹುಡುಗಿ ನೋಡೋಣ. ತಾನೇ ಸರಿ ಹೋಗ್ತಾನೆ."

ಅವರು ಒಂದು ತಾಯಿತ ಕಟ್ಟಿಸಿ ತಂದರು. ಖುರ್ಷೀದಾ ಬೇಡವೆನ್ನಲಿಲ್ಲ. ಆದರೆ ತಾಯಿತ ಕಟ್ಟಿಕೊಂಡ ತೋಳು ಮೊದಲಿಗಿಂತ ಸಣ್ಣಗಾಗಿದೆ ಎಂಬುದನ್ನು ಅವಳು ನೋಡಿದಳು. ಎಂತೆಂಥ ಮೈಯ ಗುರುತನ್ನೋ ಹಾಸಿಗೆಯ ತಗ್ಗು ನೋಡಿ ಹೇಳುತ್ತಿದ್ದ ಹೆಂಗಸು. ಸ್ವಂತ ಮಗ ಮಲಗದ ಹಾಸಿಗೆ ಮಾತ್ರ ತಗ್ಗಿಲ್ಲದೆ ಸಪಾಟಾಗಿ ಬಿದ್ದಿತ್ತು.

ಅಷ್ಟರಲ್ಲಿ ಮೆಹನಾಜಳಿಗೆ ಹುಣಸೂರಿನಿಂದ ಸಂಬಂಧ ಬಂತು. ಹುಡುಗ ಮುಜಾಮಿಲ್, ಮರಗೆಲಸದವನು, ಮಂಚ ಬೀರು ಮಾಡುವುದರಲ್ಲಿ ಹೆಸರಾದವನು. "ಮಂಚ ಅವ್ರದ್ದು, ಹಾಸಿಗೆ ನಮ್ಮದು" ಎಂದು ಅಬ್ದುಲ್ ರಹಮಾನ್ ಸಿಕ್ಕಸಿಕ್ಕವರಿಗೆಲ್ಲ ಹೇಳಿ ಹಿಗ್ಗಿದರು. ಹಾಸಿಗೆಯವರ ಮನೆಯ ಹೆಣ್ಣಿಗೆ ಮದುವೆಯ ಹಾಸಿಗೆಯನ್ನು ಅಣ್ಣನೇ ತುಂಬಬೇಕು, ಮನೆಯ ಹೊರಗಿನವರ ಕೈ ತಾಗಬಾರದು. ನೂಮಾನ್ ಬೂರುಗದ ಅರಳೆ ಹಿಂಜಿ, ಅಂಚು ಕಟ್ಟಿ, ಚೆಂದದ ಹಾಸಿಗೆಯನ್ನೇ ಮಾಡಿಟ್ಟ. ಆ ಎರಡು ದಿನ ಅವನು ಚೆನ್ನಾಗಿದ್ದ ಹಾಗೆ ಕಂಡಿತು. ಖುರ್ಷೀದಾ ನೆಮ್ಮದಿಯ ಉಸಿರು ಬಿಟ್ಟಳು.

ಹುಣಸೂರಿನವರು ಮಾತು ಗಟ್ಟಿ ಮಾಡಲು ಬರುವ ಭಾನುವಾರ ಬಂತು. ಬೆಳಿಗ್ಗೆ ಅಡಿಗೆಮನೆಯಲ್ಲಿ ಬಿರಿಯಾನಿಗೆ ಈರುಳ್ಳಿ ಹುರಿಯುತ್ತಿದ್ದವಳಿಗೆ ಹಜಾರದಿಂದ ಚರ್ರನೆ ಬಟ್ಟೆ ಹರಿದ ಸದ್ದು ಕೇಳಿಸಿತು.

ಓಡಿ ಬಂದು ನೋಡಿದರೆ ನೂಮಾನ್ ತಂಗಿಯ ಹಾಸಿಗೆಯನ್ನು ಉದ್ದಕ್ಕೂ ಸೀಳಿದ್ದ. ಅರಳೆಯಲ್ಲಿ ಮೊಣಕೈವರೆಗೆ ತೋಳು ಇಳಿಸಿ, "ಇದರೊಳಗೆ ಇಟ್ಟವ್ರೆ ಅಮ್ಮೀ. ಇವಳ್ನ ಕೊಲ್ಲೋಕೆ ಇಟ್ಟವ್ರೆ" ಎಂದು ತಡಕುತ್ತಿದ್ದ.

ಆಮೇಲೆ ನಡೆದದ್ದನ್ನು ಬೇರೆಯವರಿಗೆ ಹೇಳಿದರೆ ನಗುತ್ತಾರೆ. ಅಬ್ದುಲ್ ರಹಮಾನ್ ಇಸ್ತ್ರಿ ಮಾಡಿದ ಜುಬ್ಬದ ತೋಳು ಮಡಚಿ ಕೂತೇಬಿಟ್ಟರು. ಮೆಹನಾಜ್ ಕೂತಳು. ಖುರ್ಷೀದಾಳೂ ಕೂತಳು. ನಾಲ್ವರೂ ಒಂದೊಂದು ಮುಷ್ಟಿ ಅರಳೆ ತೆಗೆದು, ಬಿಡಿಸಿ, ಬೆಳಕಿಗೆ ಹಿಡಿದು ಹುಡುಕಿದರು. "ಆ ಮೂಲೆ ನೋಡು", "ಅಂಚಲ್ಲಿ ಏನೋ ಗಟ್ಟಿ ಇದೆ", "ಬೀಜ ಅದು, ಬೀಜ." ಹಜಾರದ ತುಂಬ ಬಿಳೀ ಎಳೆ ಹಾರಿ ಎಲ್ಲರ ಹುಬ್ಬು, ಗಡ್ಡಕ್ಕೆ ಅಂಟಿಕೊಂಡಿತು. ಹುಡುಕುವುದು ಅವರ ಕೈಗೆ ಅಷ್ಟು ಅಭ್ಯಾಸವಾಗಿತ್ತು.

ಒಳಗೆ ಈರುಳ್ಳಿ ಸೀದ ವಾಸನೆ ಬಂದಾಗ ಖುರ್ಷೀದಾಳ ಕೈ ನಿಂತಿತು. ಈ ಅರಳೆಯನ್ನು ತಾನೇ ನೋಡಿ ಕೊಂಡಿದ್ದಳು. ಮಗನೇ ಹಿಂಜಿದ್ದ, ತಾನೇ ಬಾಯಿ ಹೊಲಿದಿದ್ದಳು. ಇದು ಯಾರ ಮನೆಯಲ್ಲೂ ಹಾಸಿದ್ದಲ್ಲ, ಯಾರೂ ಮಲಗಿದ್ದಲ್ಲ.

"ನಾವು ಹುಡುಕ್ತಾ ಇರೋದು ಏನನ್ನ?" ಎಂದಳು.

ನೂಮಾನ್ ಅವಳ ಮುಖ ನೋಡಿದ. ಕಣ್ಣು ಗುಳಿ ಬಿದ್ದಿತ್ತು. "ಅದು ಕೈಗೆ ಸಿಗಲ್ಲ ಅಮ್ಮೀ. ಮಾತಾಡುತ್ತೆ."

ಇಷ್ಟು ದಿನ ಅವಳು ಇಂಥ ಮಾತಿಗೆ, ಹಾಗೆಲ್ಲ ಏನಿಲ್ಲ ಬಾ, ಎಂದು ಹೇಳಿ ಮುಗಿಸಿಬಿಡುತ್ತಿದ್ದಳು. ಅವತ್ತು ಹಾಗೆ ಹೇಳಲಿಲ್ಲ. ಹತ್ತಿರ ಜರುಗಿ ಕೂತಳು. ಮೈ ಮುಟ್ಟಲಿಲ್ಲ.

"ಏನಂತ ಮಾತಾಡುತ್ತೆ ಬೇಟಾ?"

"ಇಬ್ರು ಗಂಡಸ್ರು. ನಾನು ಏನು ಮಾಡಿದ್ರೂ ಹೇಳ್ತಿರ್ತಾರೆ. ಈಗ ಎದ್ದ, ಈಗ ಕೂತ, ಅಂತ. ಮೆಹನಾಜ್‌ನ ಸುಡ್ತಾರಂತೆ. ನಾನು ಸತ್ರೆ ಅವಳನ್ನ ಬುಡ್ತಾರಂತೆ." ಅವನು ದನಿ ಇಳಿಸಿದ. "ಇವತ್ತೇ ಅಂತ ಹೇಳ್ತಾವ್ರೆ."

ಮೆಹನಾಜ್ ಬಾಯಿಗೆ ಕೈ ಅಡ್ಡ ಹಿಡಿದಳು. ಖುರ್ಷೀದಾ ಸೀಳಿದ ಹಾಸಿಗೆಯ ಪಕ್ಕದಲ್ಲಿದ್ದ ಕತ್ತರಿ, ದಬ್ಬಳ, ಚಾಕು ಮೂರನ್ನೂ ನಿಧಾನವಾಗಿ ಎತ್ತಿ ಮಗಳ ಕೈಗೆ ಕೊಟ್ಟು, ಒಳಗಿಟ್ಟು ಬೀಗ ಹಾಕಲು ಕಣ್ಣಲ್ಲೇ ಹೇಳಿದಳು.

"ನಿನಗೆ ಕೇಳಿಸ್ತಾ ಇದೆ. ನಾನು ನಂಬ್ತೀನಿ" ಎಂದಳು ಮಗನಿಗೆ. "ನನಗೆ ಕೇಳಿಸ್ತಾ ಇಲ್ಲ. ಅದನ್ನೂ ಸುಳ್ಳು ಹೇಳಲ್ಲ. ಆದ್ರೆ ನೀನು ಎಷ್ಟು ಸುಸ್ತಾಗಿದ್ದೀಯ ಅಂತ ನನಗೆ ಕಾಣ್ತಾ ಇದೆ. ಆಸ್ಪತ್ರೆಗೆ ಹೋಗೋಣ. ನಿದ್ದೆ ಬರೋ ಹಾಗೆ, ಈ ಭಯ ಇಳಿಯೋ ಹಾಗೆ ಮಾಡಿ ಅಂತ ಕೇಳೋಣ. ನಾನು ಜೊತೇಲೇ ಇರ್ತೀನಿ."

ನೂಮಾನ್ ಅಂಗೈಯಲ್ಲಿದ್ದ ಅರಳೆ ಉಂಡೆಯನ್ನು ಕೆಳಗಿಟ್ಟ. "ಬಾಗಿಲು ಹಾಕಿ ಕೂಡಾಕಲ್ಲ ತಾನೇ?"

"ನಾನಿರೋವಾಗ ಯಾರು ಕೂಡಾಕ್ತಾರೋ ನೋಡ್ತೀನಿ."

ಅಬ್ದುಲ್ ರಹಮಾನ್ ಅವಳನ್ನು ಅಡಿಗೆಮನೆಗೆ ಕರೆದರು. ಅಲ್ಲಿ ಅವರ ದನಿ ಬದಲಾಯಿತು.

"ಇವತ್ತಾ? ಇವತ್ತೇ ಹೋಗ್ಬೇಕಾ ನಿನಗೆ? ಇನ್ನೊಂದು ಗಂಟೇಲಿ ಅವ್ರು ಬಂದಿಳೀತಾರೆ."

"ಇವತ್ತೇ ಸಾಯಿ ಅಂತ ಅವನ ಕಿವೀಲಿ ಹೇಳ್ತಾ ಇದೆ ಭಾಯ್‌ಸಾಬ್. ಅದು ನಿಮ್ಮ ಗಂಟೆ ನೋಡ್ಕೊಂಡು ಕಾಯುತ್ತಾ?"

"ಅರಳೆ ಕೋಣೇಲಿ ಹಾಕಿ ಬೀಗ ಹಾಕೋಣ. ಅವ್ರು ಹೋದ್ಮೇಲೆ ಸಂಜೆ ನೋಡೋಣ. ಆಮೇಲೆ ಪಿರಿಯಾಪಟ್ಟಣದಲ್ಲಿ ನಮ್ಮ ಸಡ್ಡಕನ ಹೊಗೆಸೊಪ್ಪಿನ ಬ್ಯಾರನ್ ಖಾಲಿ ಇದೆ, ಮದುವೆ ಮುಗಿಯೋವರೆಗೂ ಅಲ್ಲಿಟ್ರೆ ಯಾರಿಗೂ..."

"ಸೊಪ್ಪು ಬೇಯಿಸೋ ಗೂಡಲ್ಲಿ ನನ್ನ ಮಗನ್ನ ಇಡ್ತೀರಾ?"

"ಮಗಳ ಬಾಳು ನೋಡು! ಅಣ್ಣ ಪಾಗಲ್ ಅಂತ ಒಂದ್ಸಲ ಗೊತ್ತಾದ್ರೆ ಆ ಹುಡುಗೀನ ಯಾರು ಕೇಳ್ತಾರೆ? ಈ ಮನೆ ಹಿರಿಯ ನಾನು. ನಾನು ಹೇಳ್ತಾ ಇದ್ದೀನಿ, ಬೇಡ."

ಮದುವೆಯಾಗಿ ಬಂದಾಗಿನಿಂದ ಆ ಮನುಷ್ಯನ ಎದುರು ಖುರ್ಷೀದಾ ತಲೆಯ ಮೇಲಿನ ಸೆರಗು ಜಾರಲು ಬಿಟ್ಟವಳಲ್ಲ. ಈಗಲೂ ಸೆರಗು ಸರಿ ಮಾಡಿಕೊಂಡಳು. ಒಲೆ ಆರಿಸಿದಳು.

"ಅವನಿಗೆ ಎದೆನೋವು ಬಂದಿದ್ರೆ ನೀವೇ ಹೊತ್ಕೊಂಡು ಓಡ್ತಿದ್ರಿ. ಇದು ತಲೇಲಿ ಬಂದಿದೆ, ಅಷ್ಟೇ. ನಾನು ಹೋಗ್ತೀನಿ. ಬೀಗ ಹಾಕೋದಾದ್ರೆ ನನ್ನ ಮೇಲೂ ಹಾಕ್ಬೇಕಾಗುತ್ತೆ. ಒಳಗಿಂದ ನಾನು ಬಾಯಿ ಮಾಡಿದ್ರೆ ನಿಮ್ಮ ನೆಂಟ್ರಿಗೆ ಹುಣಸೂರಲ್ಲೇ ಕೇಳಿಸುತ್ತೆ."

"ಸರಿ, ಹೋಗು! ಸಾಲಿಗ್ರಾಮದಲ್ಲಿ ಆರ್ಡರ್ ಇದೆ ಅಂತಾನಾದ್ರೂ ಹೇಳಿ ಕರ್ಕೊಂಡು ಹೋಗು. ಆಸ್ಪತ್ರೆ ಅಂದ್ರೆ ತಪ್ಪಿಸ್ಕೋತಾನೆ."

"ಎಲ್ರೂ ತನಗೆ ಸುಳ್ಳು ಹೇಳ್ತಾವ್ರೆ ಅಂತ ಅಂದ್ಕೊಂಡಿರೋನಿಗೆ ನಾನು ಒಂದು ಸುಳ್ಳು ಹೇಳಿದ್ರೆ ಮುಗೀತು."

ಬೀದಿ ತುದಿಯಲ್ಲಿ ನಂಜಣ್ಣನ ಆಟೋ ನಿಂತಿತ್ತು. ಹಾಸಿಗೆ ಸಾಗಿಸಲು ಅವರು ಯಾವಾಗಲೂ ಕರೆಯುವುದು ಅವನನ್ನೇ.

"ಏನಕ್ಕಾ, ಬೀಗ್ರು ಬರೋ ದಿನ ಎಲ್ಗೆ ಹೊಂಟ್ರಿ? ಹಾಸ್ಗೆ ಎಲ್ಲದೆ?"

"ಹಾಸಿಗೆ ಇಲ್ಲ ನಂಜಣ್ಣ. ದೊಡ್ಡಾಸ್ಪತ್ರೆಗೆ ಬುಡಪ್ಪ. ನೂಮಾನ್‌ಗೆ ಹುಷಾರಿಲ್ಲ."

ನಂಜಣ್ಣ ಕನ್ನಡಿಯಲ್ಲಿ ಹುಡುಗನ ಮುಖ ನೋಡಿದ. ಮುಖದ ಬಟ್ಟೆ, ಕಿವಿಯ ಅರಳೆ, ಒಂದೇ ಸಮ ಅಲ್ಲಾಡುವ ತುಟಿ. ಹಾಡು ಹಾಕಿದ್ದ ಟೇಪು ಆರಿಸಿದ. "ಕೂತ್ಕೊಳ್ಲಾ ಮಗ. ಮೆತ್ತಗೆ ಓಡುಸ್ತೀನಿ."

ಆಟೋ ತಿರುಗುವಷ್ಟರಲ್ಲಿ, ಹೇಳಿದ ಹೊತ್ತಿಗಿಂತ ಮುಂಚೆಯೇ, ಎದುರಿಗೆ ಬಿಳೀ ಓಮ್ನಿ ಬಂದು ಅಡ್ಡ ನಿಂತಿತು. ಒಳಗೆ ಹುಣಸೂರಿನವರು. ಹುಡುಗನ ತಾಯಿ ತಹಸೀನ್ ಕಿಟಕಿಯಿಂದ ತಲೆ ಹಾಕಿದಳು. ಖುರ್ಷೀದಾ ಅವಳನ್ನು ಒಮ್ಮೆ ಫೋಟೋದಲ್ಲಿ ನೋಡಿದ್ದಷ್ಟೇ. ಅಬ್ದುಲ್ ರಹಮಾನ್ ಗಡ್ಡದಲ್ಲಿ ಅರಳೆ ಅಂಟಿಸಿಕೊಂಡೇ ಓಡಿ ಬಂದರು.

"ಬನ್ನಿ, ಬನ್ನಿ! ಹುಡುಗನಿಗೆ ಸ್ವಲ್ಪ ಜ್ವರ. ಈಗ ಹೋಗಿ ಈಗ ಬಂದ್ಬಿಡ್ತಾರೆ."

ಆ ಸುಳ್ಳಿನ ಹಿಂದೆ ಸುಮ್ಮನೆ ಹೊರಟುಬಿಡಬಹುದಿತ್ತು. ಖುರ್ಷೀದಾ ಆಟೋದಿಂದ ಒಂದು ಕಾಲು ಕೆಳಗಿಟ್ಟಳು.

"ಜ್ವರ ಅಲ್ಲ ಆಪಾ. ಇಲ್ಲದ ಮಾತು ಕಿವೀಲಿ ಕೇಳಿಸ್ತಾ ಇದೆ ಅವನಿಗೆ. ನಿದ್ದೆ ಇಲ್ಲ, ಊಟ ಇಲ್ಲ. ನಾನು ನಿಂತು ನಿಮಗೆ ಬಡಿಸ್ಬೇಕಾಗಿತ್ತು, ಮಾಫ್ ಮಾಡಿ. ಮೆಹನಾಜ್ ಮನೇಲಿದಾಳೆ, ಮಾತಾಡಿ. ಈ ವಿಷಯ ತಿಳ್ಕೊಂಡು ಬೇಡ ಅಂತ ಹೋದ್ರೆ ನನಗೆ ಬೇಜಾರಿಲ್ಲ. ತಿಳೀದೆ ಬೇಕು ಅಂದ್ರೆ ಮಾತ್ರ ಬೇಜಾರು."

ಬೀದಿಯಲ್ಲಿ ಬಾಗಿಲುಗಳು ತೆರೆದವು. ತಹಸೀನಳ ಮುಖ ಬಿಗಿಯಿತು. ಡ್ರೈವರನ ಭುಜ ತಟ್ಟಿ ಓಮ್ನಿಯನ್ನು ಹಿಂದಕ್ಕೆ ತೆಗೆಸಿದಳು. ದಾರಿ ಬಿಟ್ಟದ್ದೋ, ಸಂಬಂಧ ಬಿಟ್ಟದ್ದೋ ಖುರ್ಷೀದಾಳಿಗೆ ಗೊತ್ತಾಗಲಿಲ್ಲ.

ಭಾನುವಾರವಾದ್ದರಿಂದ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದದ್ದು ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ. ಗಾಂಜಾ ಸೇದುತ್ತಾನಾ, ಜ್ವರ ಬಂದಿತ್ತಾ, ತಲೆಗೆ ಪೆಟ್ಟು ಬಿದ್ದಿತ್ತಾ ಎಂದೆಲ್ಲ ಕೇಳಿದರು. ಸಾಯುವ ಮಾತು ಬಂದೊಡನೆ ಪೆನ್ನು ಕೆಳಗಿಟ್ಟರು. "ಇದನ್ನ ನಾಳೆಗೆ ಬಿಡೋ ಹಾಗಿಲ್ಲಮ್ಮ" ಎಂದು ಮೈಸೂರಿನ ಆಸ್ಪತ್ರೆಗೆ ತಾವೇ ಫೋನ್ ಮಾಡಿ, ಆಂಬುಲೆನ್ಸ್ ತರಿಸಿದರು. ದಾರಿಯುದ್ದಕ್ಕೂ ನೂಮಾನ್ ಅಮ್ಮನ ಸೆರಗಿನ ಚುಂಗು ಹಿಡಿದಿದ್ದ. ಅವಳೂ ಒಂದು ಕ್ಷಣವೂ ಅವನಿಂದ ಕಣ್ಣು ಕೀಳಲಿಲ್ಲ.

ಮೈಸೂರಿನಲ್ಲಿ ಮನಸ್ಸಿನ ಡಾಕ್ಟರರು ಅವನೊಂದಿಗೆ ಬಹಳ ಹೊತ್ತು ಮಾತಾಡಿ, ಆಮೇಲೆ ಖುರ್ಷೀದಾಳನ್ನು ಕರೆದರು. ಇದಕ್ಕೆ ಸೈಕೋಸಿಸ್ ಅನ್ನುತ್ತಾರೆ, ಮಿದುಳಿನ ಕೆಲಸ ಏರುಪೇರಾದಾಗ ಇಲ್ಲದ್ದು ಕೇಳಿಸುತ್ತದೆ, ಇಲ್ಲದ ಅಪಾಯ ಕಾಣುತ್ತದೆ, ರೋಗಿಗೆ ಅದು ನಿಜವೇ ಆಗಿರುತ್ತದೆ ಎಂದು ಬಿಡಿಸಿ ಹೇಳಿದರು. ಯಾರೋ ಮಾಡಿಸಿದ್ದಲ್ಲ. ಅವಳು ಸಾಕಿದ್ದರಲ್ಲಿ ಕುಂದೂ ಇಲ್ಲ.

"ನಾನು ಯಾವಾಗ ಬರ್ಬೇಕಿತ್ತು ಸಾರ್?"

"ನಿದ್ದೆ ಕೆಟ್ಟು, ಗೆಳೆಯರನ್ನ ಬಿಟ್ಟು, ನಿಮ್ಮ ಅಡಿಗೆಗೇ ಹೆದರಿದನಲ್ಲ, ಆವಾಗಲೇ ಬರಬಹುದಿತ್ತು. ಬೇಗ ಬಂದಷ್ಟೂ ಬೇಗ ಹಿಡಿತಕ್ಕೆ ಬರುತ್ತೆ. ಆದರೆ ಇವತ್ತು ಬಂದಿರಲ್ಲ, ಇವತ್ತು ಬಂದದ್ದೇ ದೊಡ್ಡದು. ಒಂದು ಮಾತು ನೆನಪಿಡಿ. ಚೆನ್ನಾಗಾದ ಅಂತ ನೀವಾಗೇ ಮಾತ್ರೆ ನಿಲ್ಲಿಸಬೇಡಿ. ಮಾತ್ರೆಯಿಂದ ತೊಂದರೆ ಆದ್ರೆ ನನ್ನ ಹತ್ರ ಬನ್ನಿ, ಬದಲಾಯಿಸೋಣ."

ಸಂಜೆ ಅಬ್ದುಲ್ ರಹಮಾನ್ ಫೋನ್ ಮಾಡಿದರು. "ಒಂದು ಲೋಟ ಶರಬತ್ತು ಕುಡೀದೆ ಎದ್ದು ಹೋದ್ರು. ನಿನಗೆ ಈಗ ಖುಷಿಯಾಯ್ತಾ?"

ಇಂಜೆಕ್ಷನ್ ಕೊಟ್ಟು ಮಲಗಿಸಿದ್ದ ನೂಮಾನ್ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ.

"ಆಯ್ತು ಭಾಯ್‌ಸಾಬ್" ಎಂದಳು ಖುರ್ಷೀದಾ. "ನನ್ನ ಮಗ ನಿದ್ದೆ ಮಾಡ್ತಾ ಇದಾನೆ."

ಕೆಲವು ವಾರ ಕಳೆದ ಮೇಲೆ ನೂಮಾನ್ ಮನೆಗೆ ಬಂದ. ಮೊದಲಿನ ಚುರುಕಿರಲಿಲ್ಲ. ಬೆಳಿಗ್ಗೆ ಮಂಪರು, ಕೈಯಲ್ಲಿ ಸಣ್ಣ ನಡುಕ. ಡಾಕ್ಟರರಿಗೆ ಹೇಳಿದಾಗ ಮಾತ್ರೆಯ ಅಳತೆ ಬದಲಿಸಿದರು, ನಡುಕ ಕಡಿಮೆಯಾಯಿತು. ಆ ಇಬ್ಬರು ಗಂಡಸರು ಪೂರ್ತಿ ಹೋಗಿರಲಿಲ್ಲ. "ಬೀದಿ ಆಚೆ ಮಾತಾಡ್ದಂಗೆ ಆಗುತ್ತೆ ಅಮ್ಮೀ, ನಾನು ಕಿವಿ ಕೊಡಲ್ಲ" ಅನ್ನುತ್ತಿದ್ದ. ಅಮ್ಮ ಬಡಿಸಿದ ತಟ್ಟೆಗೆ ಕೈ ಹಾಕಿದ. ಅಬ್ದುಲ್ ರಹಮಾನ್ ಗಿರಾಕಿಗಳಿಗೆಲ್ಲ ಟೈಫಾಯ್ಡ್ ಅಂದರು. ಅದೇ ಗಿರಾಕಿಗಳು ಹಜಾರಕ್ಕೆ ಬಂದು ಕೇಳಿದರೆ ಖುರ್ಷೀದಾ ನಿಜವನ್ನೇ ಹೇಳಿದಳು. ಒಂದೇ ಅಂಗಡಿಯಲ್ಲಿ ಎರಡು ಕಾಯಿಲೆ ಓಡಾಡಿದವು. ಕೆಲವರು ಹಾಸಿಗೆ ಕೊಡುವುದನ್ನು ನಿಲ್ಲಿಸಿದರು. "ನಿಲ್ಲಿಸ್ಲಿ. ಚಾಪೆ ಮೇಲೆ ಮಲಗ್ಲಿ" ಎಂದಳು.

ಅಷ್ಟರಲ್ಲಿ ಹುಣಸೂರಿನಿಂದ ಫೋನ್ ಬಂತು. ಇನ್ನೊಮ್ಮೆ ಬರುತ್ತೇವೆ, ಹುಡುಗಿಯ ಅಣ್ಣನನ್ನು ನೋಡಬೇಕು, ಎಂದಷ್ಟೇ ಹೇಳಿದಳು ತಹಸೀನ್. ಯಾಕೆ ಎಂದು ಹೇಳಲಿಲ್ಲ. ಬರುವುದೂ ಬೆಳಿಗ್ಗೆ ತಿಂಡಿಯ ಹೊತ್ತಿಗೇ ಬಂದರು. ತಹಸೀನ್, ಮುಜಾಮಿಲ್, ಅವನ ಸೋದರಮಾವ.

ತಿಂಡಿ ಆಯಿತು. ಅಬ್ದುಲ್ ರಹಮಾನರು ನೂಮಾನನ ಪರವಾಗಿ ತಾವೇ ಮಾತಾಡಿದರು. ಈಗ ಪೂರಾ ಗುಣವಾಗಿದೆ, ಏನೂ ಇಲ್ಲ, ಔಷಧಿಯೂ ಇಲ್ಲ, ಎಲ್ಲಾ ನಿಂತುಹೋಗಿದೆ ಅಂದರು. ಖುರ್ಷೀದಾ ಬಾಯಿ ತೆರೆಯುವ ಮುಂಚೆ ನೂಮಾನ್ ಎದ್ದು ಗೋಡೆಯ ಗೂಡಿಗೆ ಕೈ ಹಾಕಿದ. ಗೂಡು ಖಾಲಿ.

"ಅಮ್ಮೀ, ನನ್ನ ಮಾತ್ರೆ ಎಲ್ಲಿ?"

"ಅಲ್ಲೇ ಇಟ್ಟಿದ್ನಲ್ಲ."

"ಆಮೇಲೆ ಬೇಟಾ, ಆಮೇಲೆ" ಎಂದರು ಅಬ್ದುಲ್ ರಹಮಾನ್, ಕಣ್ಣು ಹೊಡೆಯುತ್ತ. "ಒಂದು ದಿನ ತಿನ್ನದೆ ಹೋದ್ರೆ ಏನಾಗುತ್ತೆ? ಚೆನ್ನಾಗೇ ಇದ್ದೀಯಲ್ಲ."

"ತಿಂದಿದ್ದಕ್ಕೆ ಚೆನ್ನಾಗಿದ್ದೀನಿ ಬಡೇಅಬ್ಬಾ." ಅವನ ಮಾತು ನಿಧಾನ, ಆದರೆ ಎಲ್ಲೂ ತಡವರಿಸಲಿಲ್ಲ. "ನಾನು ತಿಂಡಿ ಆದ್ಮೇಲೆ ತಿನ್ಬೇಕು. ನೆಂಟ್ರು ಇದ್ರೂ ತಿನ್ಬೇಕು. ಕೊಡಿ."

ಕೊಡಿ ಅಂದದ್ದು ಎಲ್ಲರಿಗೂ ಕೇಳಿಸಿತು. ಅಬ್ದುಲ್ ರಹಮಾನ್ ಸೂರು ನೋಡಿದರು, ನೆಲ ನೋಡಿದರು. ಕೊನೆಗೆ ಜುಬ್ಬದ ಜೇಬಿಗೆ ಕೈ ಹಾಕಿ ಮಾತ್ರೆಯ ಪಟ್ಟಿ ಹೊರಗೆ ತೆಗೆದರು.

ತಹಸೀನ್ ಆ ಪಟ್ಟಿಯನ್ನೂ ಅವರ ಮುಖವನ್ನೂ ನೋಡಿದಳು. "ಏನು ಭಾಯ್‌ಸಾಬ್, ನೀವೂ ಇದನ್ನೇ ತಗೋತೀರಾ? ಜೇಬಲ್ಲೇ ಇಟ್ಕೊಂಡಿದ್ದೀರಿ."

ಮುಜಾಮಿಲ್ ನಗು ತಡೆಯಲಾರದೆ ತಲೆ ತಗ್ಗಿಸಿದ. ಬಾಗಿಲ ಮರೆಯಲ್ಲಿ ನಿಂತಿದ್ದ ಮೆಹನಾಜ್ ನಗುತ್ತಲೇ ನೀರು ತಂದಳು. ಯಾರೂ ಕರೆಯದಿದ್ದರೂ ಅಣ್ಣನ ಪಕ್ಕದಲ್ಲೇ, ಬಂದವರೆಲ್ಲರಿಗೆ ಮುಖ ಕೊಟ್ಟು ಕೂತಳು.

"ಎಷ್ಟು ದಿನ ತಿನ್ಬೇಕು ಬೇಟಾ ಇದನ್ನ?" ತಹಸೀನ್ ಈಗ ನೂಮಾನನನ್ನೇ ಕೇಳಿದಳು.

"ಬಹಳ ದಿನ. ಡಾಕ್ಟರ್ ನಿಲ್ಸು ಅನ್ನೋವರೆಗೂ. ನಿಮ್ಮ ಮನೆಗೆ ಬಂದಾಗ್ಲೂ ತಿಂತೀನಿ."

ಸೋದರಮಾವ ಏನೋ ಹೇಳಲು ಬಾಯಿ ತೆರೆದ. ತಹಸೀನ್ ಕೈ ಎತ್ತಿ ತಡೆದಳು. "ಬಂದಾಗ ಮೊದ್ಲೇ ಹೇಳು. ತಿಂಡಿ ಬೇಗ ಮಾಡ್ಬೇಕಾಗುತ್ತಲ್ಲ" ಎಂದಳು.

ನೂಮಾನ್ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದ. ಲೋಟವನ್ನು ಎಲ್ಲರ ನಡುವೆ ಇಟ್ಟು, ಮನೆಯ ಗಂಡುಮಗನಾಗಿ ನೆಟ್ಟಗೆ ಕೂತ.

"ಈಗ ನನ್ನ ತಂಗಿ ಮದುವೆ ಮಾತಾಡೋಣ" ಎಂದ.